ಫೀಸಿಲ್ಲದ ನಾಡಿನ ಖರ್ಚಿನ ಪಟ್ಟಿ

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಮಕ್ಕಳ ಮನೆಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ‘ಅಮೆರಿಕಕ್ಕೆ ಕಳಿಸೋಕೆ ಎಲ್ಲಿಂದ ದುಡ್ಡು ತರೋಣ? ಜರ್ಮನಿಯಲ್ಲಾದರೆ ಫೀಸೇ ಇಲ್ಲವಂತೆ.’ ದಾವಣಗೆರೆಯ ವರ್ತಕರು, ಹಾಸನದ ಹೈಸ್ಕೂಲ್ ಮೇಷ್ಟ್ರು, ಬೆಂಗಳೂರಿನ ಬ್ಯಾಂಕ್ ನೌಕರರು, ಎಲ್ಲರ ಬಾಯಲ್ಲೂ ಇದೇ. ಮಾತು ಸುಳ್ಳಲ್ಲ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49,000ಕ್ಕೂ ಹೆಚ್ಚು. ಮರುವರ್ಷ ಆ ಸಂಖ್ಯೆ 59,000 ದಾಟಿತು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಪೈಕಿ ಬಹುಕಾಲ ಚೀನಾದವರೇ ಮುಂದಿದ್ದರು. ಈಗ ಮೊದಲ ಸ್ಥಾನ ನಮ್ಮವರದು.

ಇಷ್ಟು ಮಕ್ಕಳು ಹೋಗುತ್ತಿರುವಾಗ, ಹೋಗುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಬೇಕಾದ ಒಂದು ವಿಷಯವಿದೆ. ಜರ್ಮನಿ ಫೀಸು ಕೇಳುವುದಿಲ್ಲ, ನಿಜ. ಬೇರೆ ಮೂರು ಬಾಬ್ತುಗಳಲ್ಲಿ ಕೇಳುತ್ತದೆ: ಮುಂಗಡವಾಗಿ ತೋರಿಸಬೇಕಾದ ಹಣ, ಯಾರೂ ಬೆನ್ನು ಹತ್ತದ ಓದು, ಮತ್ತು ಭಾಷೆ. ಮೊದಲನೆಯದಕ್ಕೆ ಅಪ್ಪ ಅಮ್ಮ ಹೇಗೋ ಸಿದ್ಧರಾಗುತ್ತಾರೆ. ಉಳಿದೆರಡಕ್ಕೆ ಮಗ ಅಥವಾ ಮಗಳು ಸಿದ್ಧವಾಗಿದ್ದಾರೆಯೇ ಎಂದು ಕೇಳುವವರೇ ಕಡಿಮೆ.

ಫೀಸು ಇಲ್ಲದ್ದು ಹೇಗೆ ಎಂಬುದನ್ನು ಮೊದಲು ನೋಡೋಣ. ಅದು ಅನಾದಿಯಿಂದ ಬಂದ ಪದ್ಧತಿಯೂ ಅಲ್ಲ, ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದೂ ಅಲ್ಲ. ಅಲ್ಲಿ ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. ರಾಜ್ಯಗಳು ಶುಲ್ಕ ಹಾಕದಂತೆ ಕೇಂದ್ರ ಮಾಡಿದ್ದ ಕಾನೂನನ್ನು 2005ರ ಜನವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. ಅದರ ಬೆನ್ನಿಗೇ ಹಲವು ರಾಜ್ಯಗಳು ಸೆಮಿಸ್ಟರ್‌ಗೆ 500 ಯೂರೋವರೆಗೆ ಶುಲ್ಕ ಹಾಕಿದವು. ನಮ್ಮ ಕಾಲೇಜುಗಳ ಲೆಕ್ಕದಲ್ಲಿ ಅದೇನೂ ದೊಡ್ಡ ಮೊತ್ತವಲ್ಲ. ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು. ಹೆಸ್ಸೆ ರಾಜ್ಯ 2008ರಲ್ಲೇ ಹಿಂದೆ ಸರಿಯಿತು. ಬವೇರಿಯಾದಲ್ಲಿ ವಿಷಯ ಜನರ ಮುಂದೆ ಹೋಯಿತು: 2013ರ ಜನವರಿಯಲ್ಲಿ ಎರಡು ವಾರಗಳೊಳಗೆ ಶೇ 10ರಷ್ಟು ಮತದಾರರು ತಮ್ಮ ಊರಿನ ಕಚೇರಿಗೆ ಖುದ್ದಾಗಿ ಹೋಗಿ ಸಹಿ ಹಾಕಬೇಕಿತ್ತು. ಶೇ 14ಕ್ಕೂ ಹೆಚ್ಚು ಜನ ಹಾಕಿದರು. ಕೊರೆವ ಚಳಿಯಲ್ಲಿ, ಓದು ಮುಗಿಸಿ ದಶಕಗಳಾದವರೂ ಸಾಲಿನಲ್ಲಿ ನಿಂತರು. ಅದೇ ವರ್ಷ ಬವೇರಿಯಾದ ವಿಧಾನಸಭೆ ಶುಲ್ಕವನ್ನು ತೆಗೆದುಹಾಕಿತು. ಕೊನೆಗೆ ಉಳಿದಿದ್ದ ಲೋವರ್ ಸ್ಯಾಕ್ಸನಿ 2014ರಲ್ಲಿ ಕೈಬಿಟ್ಟಿತು. ನಮ್ಮ ಮಕ್ಕಳು ಇಂದು ಫೀಸಿಲ್ಲದೆ ಓದುತ್ತಿರುವುದು ಆ ಜನ ತಮ್ಮ ತೆರಿಗೆಯ ದುಡ್ಡಿನ ಬಗ್ಗೆ ತಾವೇ ಕೈಗೊಂಡ ತೀರ್ಮಾನದಿಂದ. ಈ ಸಂಗತಿ ಗೊತ್ತಿದ್ದು ಹೋಗುವುದಕ್ಕೂ ಗೊತ್ತಿಲ್ಲದೆ ಹೋಗುವುದಕ್ಕೂ ವ್ಯತ್ಯಾಸವಿದೆ ಎಂದೇ ನನ್ನ ನಂಬಿಕೆ.

ವಿನಾಯಿತಿಯಲ್ಲೂ ಬಿರುಕುಗಳಿವೆ. ಬಾಡೆನ್–ವ್ಯೂರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ವಿಧಿಸುತ್ತಿದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ, ಹೈಡಲ್‌ಬರ್ಗ್, ಟ್ಯೂಬಿಂಗೆನ್ ಎಲ್ಲವೂ ಈ ರಾಜ್ಯದವು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ನಮ್ಮಂಥವರಿಗೆ ಶುಲ್ಕ ಶುರುಮಾಡಿದೆ. ಸ್ನಾತಕೋತ್ತರ ಪದವಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಟ್ಯೂಬಿಂಗೆನ್ ಹೆಸರು ಬಂದಾಗ ಕನ್ನಡಿಗರಿಗೆ ಬೇರೊಂದು ನೆನಪೂ ಬರಬೇಕು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್‌ಗೆ ಎರಡು ವರ್ಷಗಳ ನಂತರ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವಿಶ್ವವಿದ್ಯಾಲಯ. ಅವರಿಬ್ಬರೂ ಇಲ್ಲಿಗೆ ಬಂದು ಮೊದಲು ಮಾಡಿದ ಕೆಲಸ ನಮ್ಮ ಭಾಷೆ ಕಲಿತದ್ದು.

ಶುಲ್ಕವಿಲ್ಲದ ಕಡೆಯೂ ಸೆಮಿಸ್ಟರ್‌ಗೆ 100ರಿಂದ 350 ಯೂರೋ ವಂತಿಗೆ ಕಟ್ಟಬೇಕು. ಬಹಳ ಊರುಗಳಲ್ಲಿ ಬಸ್ಸು, ಟ್ರಾಮ್, ರೈಲಿನ ಪಾಸು ಇದರಲ್ಲೇ ಸೇರಿರುವುದರಿಂದ ಅದು ಭಾರವೆನಿಸುವುದಿಲ್ಲ. ಭಾರವೆನಿಸುವುದು ಬ್ಲಾಕ್ಡ್ ಅಕೌಂಟ್. ವೀಸಾ ಅರ್ಜಿ ಹಾಕುವ ಮೊದಲು ಒಂದು ವರ್ಷದ ಜೀವನ ನಿರ್ವಹಣೆಯ ಹಣವನ್ನು ಪೂರ್ತಿಯಾಗಿ ಈ ಖಾತೆಗೆ ಹಾಕಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಯೂರೋಗೆ ಸುಮಾರು 100 ರೂಪಾಯಿಯಂತೆ ಹಿಡಿದರೆ 12 ಲಕ್ಷ. ಈ ಹಣ ಯಾರ ಪಾಲೂ ಆಗುವುದಿಲ್ಲ. ವಿದ್ಯಾರ್ಥಿ ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಅವನ ಖಾತೆಗೇ ಬರುತ್ತದೆ. ಆದರೂ ಸೈಟಿನ ಪತ್ರ ಅಡವಿಟ್ಟು ಸಾಲ ತಂದ ಅಪ್ಪನಿಗೆ ಒಂದೇ ಏಟಿಗೆ 12 ಲಕ್ಷ ಹೊರಗೆ ಹೋಗುವುದು ಸಣ್ಣ ಮಾತಲ್ಲ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ 800 ಯೂರೋ ಹತ್ತಿರ ಬಾಡಿಗೆಯಿದೆ, 992ರಲ್ಲಿ ಅಲ್ಲಿ ತಿಂಗಳು ದೂಡಲಾಗದು. ಪೂರ್ವ ಭಾಗದ ಕೆಮ್ನಿಟ್ಸ್, ಮಾಗ್ಡೆಬುರ್ಗ್‌ಗಳಲ್ಲಿ ಅದೇ ಹಣದಲ್ಲಿ ಅಚ್ಚುಕಟ್ಟಾಗಿ ಬದುಕಬಹುದು. ನಮ್ಮವರು ಆ ಊರುಗಳಲ್ಲಿ ಅಷ್ಟು ಸಂಖ್ಯೆಯಲ್ಲಿರುವುದಕ್ಕೆ ಇದೂ ಒಂದು ಕಾರಣ.

ಪ್ರವೇಶದ ಕಾಗದಪತ್ರಗಳ ವಿಚಾರ ಬೇಗ ಮುಗಿಸುತ್ತೇನೆ. ದೆಹಲಿಯ ಎಪಿಎಸ್ ಕಚೇರಿ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಪ್ರಮಾಣಪತ್ರ 2022ರ ನವೆಂಬರ್‌ನಿಂದ ವೀಸಾಕ್ಕೆ ಕಡ್ಡಾಯ. ಪಿಯುಸಿ ಮುಗಿಸಿದ ಕೂಡಲೇ ನೇರವಾಗಿ ಪದವಿಗೆ ಸೇರುವುದು ಸಾಮಾನ್ಯವಾಗಿ ಆಗುವುದಿಲ್ಲ. ಇಲ್ಲಿ ಒಂದು ವರ್ಷದ ಪದವಿ ಓದಿರಬೇಕು, ಇಲ್ಲವೇ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು, ಜೆಇಇ ಅಡ್ವಾನ್ಸ್ಡ್ ಪಾಸಾದವರದು ಬೇರೆ ದಾರಿ. ಅಂಕಗಳ ಲೆಕ್ಕ ಅಲ್ಲಿ ತಿರುವುಮುರುವು: 1.0 ಅತ್ಯುತ್ತಮ, 4.0 ತೇರ್ಗಡೆಯ ಅಂಚು. ನಮ್ಮ ಸಿಜಿಪಿಎಯನ್ನು ಅದಕ್ಕೆ ಇಳಿಸಲು ಒಂದು ಸೂತ್ರವಿದೆ. ಗರಿಷ್ಠ 10, ತೇರ್ಗಡೆಗೆ 4 ಎಂದು ಹಿಡಿದರೆ ನಮ್ಮ 8 ಅಲ್ಲಿ 2.0 ಆಗುತ್ತದೆ, 7 ಇದ್ದದ್ದು 2.5 ಆಗುತ್ತದೆ. ಒಳ್ಳೆಯ ಕೋರ್ಸುಗಳು ಬಹಳಷ್ಟು 2.5ಕ್ಕೇ ಬಾಗಿಲು ಹಾಕುತ್ತವೆ. ಅಂಕ ಚೆನ್ನಾಗಿದ್ದರೂ ಬಿ.ಇ.ಯಲ್ಲಿ ಓದಿದ ವಿಷಯಗಳು ಆ ಕೋರ್ಸಿಗೆ ಹೊಂದದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಹಾಗಾಗಿ ಸಿಲಬಸ್ ಪ್ರತಿಯನ್ನು ಎದುರಿಗಿಟ್ಟುಕೊಂಡು ಕೋರ್ಸ್ ಆರಿಸಬೇಕು, ವಿಶ್ವವಿದ್ಯಾಲಯದ ಹೆಸರು ನೋಡಿ ಅಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಸಿಗುವುದಿಲ್ಲ. ಅದು ಸಿಗುವುದು ಖಾಸಗಿಯವುಗಳಿಂದ. ‘ಜರ್ಮನಿಯಲ್ಲಿ ಫೀಸಿಲ್ಲ’ ಎಂಬ ಬೋರ್ಡ್ ಹಾಕಿರುವ ಕನ್ಸಲ್ಟೆನ್ಸಿಗೆ ಹೋದ ಹುಡುಗಿ ಹೊರಬರುವಾಗ ವರ್ಷಕ್ಕೆ 10 ಲಕ್ಷ ಫೀಸಿನ ಖಾಸಗಿ ಕಾಲೇಜಿನ ಬ್ರೋಷರ್ ಹಿಡಿದಿರುತ್ತಾಳೆ. ಖಾಸಗಿ ಎಂದಾಕ್ಷಣ ಎಲ್ಲವೂ ಕೆಟ್ಟವಲ್ಲ. ಆದರೆ 2025ರಲ್ಲಿ ಬರ್ಲಿನ್‌ನಲ್ಲಿ ಅಂಥ ಒಂದು ಸಂಸ್ಥೆಯ ಭಾರತೀಯ ವಿದ್ಯಾರ್ಥಿಗಳಿಗೆ ದೇಶ ಬಿಡಿ ಎಂಬ ಪತ್ರಗಳು ಬಂದವು. ಕೋರ್ಸಿನ ಬಹುಪಾಲು ಆನ್‌ಲೈನ್‌ನಲ್ಲಿ ನಡೆಯುತ್ತಿದೆ, ಅದಕ್ಕೆ ಇಲ್ಲಿ ವಾಸವಿರುವ ಅಗತ್ಯವಿಲ್ಲ ಎಂಬುದು ವಲಸೆ ಕಚೇರಿಯ ವಾದ. ಸಾಲ ಮಾಡಿ ಹೋದ ಮಕ್ಕಳು ನ್ಯಾಯಾಲಯ ಅಲೆಯಬೇಕಾಯಿತು. ಸಂಸ್ಥೆ ಸರ್ಕಾರಿಯೋ ಖಾಸಗಿಯೋ, ತರಗತಿ ಖುದ್ದಾಗಿ ನಡೆಯುತ್ತದೋ ಇಲ್ಲವೋ ಎಂಬ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಸಿಗುವತನಕ ಒಂದು ರೂಪಾಯಿಯನ್ನೂ ಕೊಡಬಾರದು.

ವಿಮಾನ ಇಳಿದ ಮೇಲಿನ ಮೊದಲ ತಿಂಗಳು ಕಾಗದದ ಸರಪಳಿ. ಬಾಡಿಗೆ ಕರಾರು ಇದ್ದರೆ ಮನೆ ಮಾಲೀಕರ ದೃಢೀಕರಣ ಪತ್ರ. ಆ ಪತ್ರವಿದ್ದರೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ. ನೋಂದಣಿಯಾದರೆ ತೆರಿಗೆ ಸಂಖ್ಯೆ, ನಿವಾಸ ಪರವಾನಗಿ, ಎಲ್ಲವೂ. ನೋಂದಣಿ ಎರಡು ವಾರದೊಳಗೆ ಆಗಬೇಕೆಂದು ಕಾನೂನು ಹೇಳುತ್ತದೆ, ದೊಡ್ಡ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ಅದಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ. ಇದರ ನಡುವೆ ಒಂದು ಸಣ್ಣ ಸಂಗತಿಯನ್ನು ಯಾರೂ ಹೇಳಿ ಕಳಿಸುವುದಿಲ್ಲ. ಅಲ್ಲಿ ಮುಖ್ಯವಾದುದೆಲ್ಲ ಅಂಚೆಯಲ್ಲಿ ಬರುತ್ತದೆ: ಬ್ಯಾಂಕಿನ ಪಿನ್ನು, ತೆರಿಗೆ ಸಂಖ್ಯೆ, ವಿಮಾ ಕಾರ್ಡು. ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಸಾಲಾಗಿರುವ ಅಂಚೆ ಡಬ್ಬಿಗಳ ಮೇಲೆ ಮನೆ ನಂಬರ್ ಇರುವುದಿಲ್ಲ, ಹೆಸರಿರುತ್ತದೆ. ಡಬ್ಬಿಯ ಮೇಲೆ ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಪತ್ರವನ್ನು ಹಿಂದಕ್ಕೆ ಕಳಿಸುತ್ತಾನೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಊರಿನ ಹೆಸರು ಸೇರಿ ಉದ್ದವಾಗಿರುವ ನಮ್ಮ ಹುಡುಗರು ಯಾವ ಹೆಸರನ್ನು ಅಂಟಿಸಬೇಕೆಂದು ತಿಳಿಯದೆ ಒಂದನ್ನು ಅಂಟಿಸುತ್ತಾರೆ, ಪತ್ರ ಇನ್ನೊಂದಕ್ಕೆ ಬಂದಿರುತ್ತದೆ. ಪಾಸ್‌ಪೋರ್ಟಿನಲ್ಲಿರುವ ಸರ್‌ನೇಮ್ ಅನ್ನೇ ಅಂಟಿಸಬೇಕು, ಅದೂ ಮನೆಗೆ ಕಾಲಿಟ್ಟ ದಿನವೇ.

ಮನೆ ಹುಡುಕುವುದಂತೂ ಪರೀಕ್ಷೆಗೆ ಮೊದಲಿನ ಪರೀಕ್ಷೆ. ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳ ಹಾಸ್ಟೆಲ್‌ಗಳು ಅಗ್ಗ, ಆದರೆ ಸರದಿ ಉದ್ದ. ಪ್ರವೇಶ ಖಚಿತವಾದ ದಿನವೇ ಹೆಸರು ಬರೆಸಿದವರಿಗೆ ಸಿಕ್ಕರೆ ಸಿಕ್ಕೀತು. ಇಲ್ಲದಿದ್ದರೆ ನಾಲ್ಕಾರು ಜನ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಹುಡುಕಬೇಕು. ಅಲ್ಲಿ ಈಗಾಗಲೇ ಇರುವವರು ಅಡುಗೆಮನೆಯ ಮೇಜಿನ ಸುತ್ತ ಕೂರಿಸಿಕೊಂಡು ಮಾತಾಡಿಸುತ್ತಾರೆ: ಬಾತ್‌ರೂಮ್ ತೊಳೆಯುವ ಸರದಿಗೆ ಒಪ್ಪುತ್ತೀಯಾ, ರಾತ್ರಿ ಹತ್ತರ ಮೇಲೆ ಗಟ್ಟಿಯಾಗಿ ಫೋನಿನಲ್ಲಿ ಮಾತಾಡುತ್ತೀಯಾ, ನಮ್ಮ ಜೊತೆ ಊಟಕ್ಕೆ ಕೂರುತ್ತೀಯಾ? ಅವರು ಅಳೆಯುವುದು ಈ ಮನುಷ್ಯನ ಜೊತೆ ಬದುಕಬಹುದೇ ಎಂದು. ಮನೆಯಲ್ಲಿ ತಟ್ಟೆ ಎತ್ತಿಡದೆ ಬೆಳೆದ ಗಂಡುಮಕ್ಕಳಿಗೆ ಈ ಮೇಜು ಕಷ್ಟವೇ. ಕೋಣೆ ನೋಡುವ ಮೊದಲೇ ಠೇವಣಿ ಕಳಿಸಿ ಎನ್ನುವವರು ಮೋಸಗಾರರು. ಭಾರತದಲ್ಲಿ ಕೂತು ಆತಂಕದಲ್ಲಿ ಹುಡುಕುವ ಮಕ್ಕಳೇ ಅವರ ಗುರಿ.

ಇನ್ನು ಓದಿನ ವಿಷಯ. ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಾಜರಿ ಶೇ 85ಕ್ಕಿಂತ ಕೆಳಗಿಳಿದರೆ ಮನೆಗೆ ಫೋನು ಬರುತ್ತದೆ, ಇಂಟರ್ನಲ್ಸ್ ಮೂರು ಸಲ ನಡೆಯುತ್ತದೆ, ಲ್ಯಾಬ್ ರೆಕಾರ್ಡಿಗೆ ಸಹಿ ಬೀಳುತ್ತದೆ. ಜರ್ಮನಿಯ ದೊಡ್ಡ ಹಾಲ್‌ನಲ್ಲಿ ಪ್ರೊಫೆಸರ್ ಪಾಠ ಮಾಡಿ ಹೋಗುತ್ತಾರೆ, ಬಂದವರು ಯಾರು, ಬಾರದವರು ಯಾರು ಎಂದು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಿಮ್ಮನ್ನು ಒಂದು ಮಾತು ಕೇಳದೆ ಬಿಡಬಹುದು. ಫೆಬ್ರವರಿಯಲ್ಲಿ 90 ನಿಮಿಷದ ಒಂದು ಪರೀಕ್ಷೆ, ಬಹುತೇಕ ವಿಷಯಗಳಲ್ಲಿ ಪೂರ್ತಿ ಅಂಕ ಅದಕ್ಕೇ. ಆ ಪರೀಕ್ಷೆಗೂ ಆನ್‌ಲೈನ್‌ನಲ್ಲಿ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಗಡುವು ತಪ್ಪಿದರೆ ಎಲ್ಲ ಪಾಠ ಕೇಳಿದ್ದರೂ ಪರೀಕ್ಷೆಗೆ ಕೂರುವಂತಿಲ್ಲ.

ನಮ್ಮಲ್ಲಿ ‘ಬ್ಯಾಕ್’ ಉಳಿದರೆ ಮುಂದಿನ ಸಲ ಬರೆದು ತೆಗೆಯಬಹುದು ಎಂಬ ಧೈರ್ಯವಿದೆ. ಅಲ್ಲಿ ಬಹಳಷ್ಟು ವಿಶ್ವವಿದ್ಯಾಲಯಗಳ ನಿಯಮದಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಮೂರನೆಯ ಸಲವೂ ಸೋತರೆ ಹೆಸರನ್ನೇ ತೆಗೆದುಹಾಕುತ್ತಾರೆ; ಅದೇ ಕೋರ್ಸನ್ನು ಜರ್ಮನಿಯ ಬೇರೊಂದು ವಿಶ್ವವಿದ್ಯಾಲಯದಲ್ಲಿ ಓದುವ ದಾರಿಯೂ ಮುಚ್ಚುತ್ತದೆ. ವಿದ್ಯಾರ್ಥಿ ವೀಸಾ ನಿಂತಿರುವುದೇ ಆ ಪ್ರವೇಶದ ಮೇಲಾದ್ದರಿಂದ ಅದೂ ಅಲುಗಾಡುತ್ತದೆ. ಊರಿನಲ್ಲಿ ‘ನಮ್ಮ ಹುಡುಗ ಜರ್ಮನಿಯಲ್ಲಿದ್ದಾನೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿರುವ ಅಪ್ಪನಿಗೆ, ಮಗ ಮೂರನೆಯ ಅವಕಾಶದ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಕೂತಿದ್ದಾನೆ ಎಂದು ಗೊತ್ತಿರುವುದಿಲ್ಲ. ಮಕ್ಕಳು ಹೇಳುವುದೂ ಇಲ್ಲ. ಪ್ರತಿ ವಿಶ್ವವಿದ್ಯಾಲಯ ಊರಿನಲ್ಲೂ ಉಚಿತ ಅಥವಾ ಹೆಚ್ಚು ಖರ್ಚಿಲ್ಲದ ಮಾನಸಿಕ ಸಲಹಾ ಸೇವೆ ಇರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ನಾಡಿನಲ್ಲಿ ಅದನ್ನು ಬಳಸುವುದು ಅವಮಾನವಲ್ಲ. ಅಪ್ಪ ಅಮ್ಮನೇ ‘ಹೋಗಿ ಮಾತಾಡಪ್ಪಾ’ ಎಂದು ಒಮ್ಮೆ ಹೇಳಿಬಿಟ್ಟರೆ ಎಷ್ಟೋ ಹಗುರಾಗುತ್ತದೆ.

ಇದೇ ವ್ಯವಸ್ಥೆಯಲ್ಲಿ ನಾನು ಮೆಚ್ಚುವ ಒಂದು ದಿನವೂ ಇದೆ. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆ ನೋಡಲು ಒಂದು ಸಮಯ ಗೊತ್ತು ಮಾಡುತ್ತಾರೆ. ವಿದ್ಯಾರ್ಥಿ ಹೋಗಿ ತನ್ನ ಪತ್ರಿಕೆಯನ್ನೂ ಮಾದರಿ ಉತ್ತರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಬಹುದು. ಇಲ್ಲಿ ಲೆಕ್ಕದ ದಾರಿ ಸರಿಯಿದೆ, ಕೊನೆಯ ಸಂಖ್ಯೆ ಮಾತ್ರ ತಪ್ಪಿದೆ, ಅರ್ಧ ಅಂಕವಾದರೂ ಬರಬೇಕಲ್ಲವೇ ಎಂದು ತಿದ್ದಿದವರ ಮುಂದೆಯೇ ಕೇಳಬಹುದು. ಅವರು ನೋಡಿ ಒಪ್ಪಿದರೆ ಅಲ್ಲೇ ಪೆನ್ನು ತೆಗೆದು ತಿದ್ದುತ್ತಾರೆ, ಒಪ್ಪದಿದ್ದರೆ ಕಾರಣ ಹೇಳುತ್ತಾರೆ. ರೀವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ಟಿ ವಾರಗಟ್ಟಲೆ ಕಾಯುವ ನಮ್ಮ ಮಕ್ಕಳಿಗೆ ಇದು ಹೊಸ ಲೋಕ. ಬಹಳ ಜನ ಸಂಕೋಚದಿಂದ ಹೋಗುವುದೇ ಇಲ್ಲ, ಮೇಷ್ಟ್ರ ಮುಂದೆ ವಾದ ಮಾಡುವುದು ಒರಟುತನ ಎಂದು ಕಲಿತು ಬಂದಿರುತ್ತೇವೆ. ಹೋಗಬೇಕು. ವಿಭಾಗದ ವಿದ್ಯಾರ್ಥಿ ಸಂಘದ ಕೋಣೆಗೂ ಹೋಗಬೇಕು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಅಲ್ಲಿ ಸಿಗುತ್ತವೆ. ಈ ಎರಡು ಬಾಗಿಲು ತಟ್ಟಿದವರಿಗೆ ಮೂರನೆಯ ಅವಕಾಶದ ಪ್ರಶ್ನೆ ಏಳುವುದು ಅಪರೂಪ.

ಎಲ್ಲಕ್ಕಿಂತ ದುಬಾರಿಯಾದದ್ದು ಭಾಷೆ. ಇಂಗ್ಲಿಷಿನಲ್ಲಿ ನಡೆಯುವ ಸ್ನಾತಕೋತ್ತರ ಕೋರ್ಸುಗಳು ನೂರಾರಿವೆ, ಜರ್ಮನ್ ಒಂದಕ್ಷರ ಬಾರದೆಯೂ ಪ್ರವೇಶ ಸಿಗುತ್ತದೆ, ಪದವಿಯೂ ಸಿಗುತ್ತದೆ. ತೊಡಕಿರುವುದು ತರಗತಿಯ ಹೊರಗೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಕಾಗದದ ಮೇಲೆ ಚೆನ್ನಾಗಿದೆ. ಭಾಷೆ ಬಂದವರು ಕಂಪನಿಯಲ್ಲಿ, ಕಲಿಯುವ ವಿಷಯಕ್ಕೆ ಸಂಬಂಧಪಟ್ಟ ಕೆಲಸವನ್ನೇ ಹಿಡಿಯುತ್ತಾರೆ, ಅಲ್ಲಿ ಅದನ್ನು ವೆರ್ಕ್‌ಷ್ಟುಡೆಂಟ್ ಕೆಲಸ ಎನ್ನುತ್ತಾರೆ. ಪದವಿ ಮುಗಿದ ಮೇಲೆ ಅದೇ ಕಂಪನಿ ಕರೆಯುವ ಸಾಧ್ಯತೆ ಹೆಚ್ಚು. ಭಾಷೆ ಬಾರದವರಿಗೆ ಉಳಿಯುವುದು ಗೋದಾಮು, ಹೋಟೆಲಿನ ಪಾತ್ರೆ ತೊಳೆಯುವ ಜಾಗ, ಊಟದ ಚೀಲ ಬೆನ್ನಿಗೇರಿಸಿಕೊಂಡು ತುಳಿಯುವ ಸೈಕಲ್ಲು. ಆ ಕೆಲಸಗಳಲ್ಲಿ ಕೀಳೇನೂ ಇಲ್ಲ. ಆದರೆ ಮಳೆಯಲ್ಲಿ ರಾತ್ರಿ ಹನ್ನೊಂದರವರೆಗೆ ಸೈಕಲ್ ತುಳಿದವನಿಗೆ ಮರುದಿನ ಓದಲು ಶಕ್ತಿಯೂ ಇರುವುದಿಲ್ಲ, ಜರ್ಮನ್ ತರಗತಿಗೆ ಹೋಗಲು ಹೊತ್ತೂ ಇರುವುದಿಲ್ಲ. ಭಾಷೆಯಿಲ್ಲದ್ದರಿಂದ ಹಿಡಿದ ಕೆಲಸ ಭಾಷೆ ಕಲಿಯಲು ಬಿಡುವುದಿಲ್ಲ, ಎರಡು ವರ್ಷ ಹೀಗೇ ಕಳೆದುಹೋಗುತ್ತದೆ. ಬುದ್ಧಿವಂತ ಮಕ್ಕಳು ಈ ಸುಳಿಗೆ ಸಿಕ್ಕಿ ದಣಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಇಲ್ಲೇ, ಅಮ್ಮನ ಊಟ ಉಣ್ಣುತ್ತಾ, ಆರು ತಿಂಗಳು ಕಲಿತಿದ್ದರೆ ತಪ್ಪಿಸಿಕೊಳ್ಳಬಹುದಾಗಿದ್ದ ಸುಳಿ ಅದು.

ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಕೊಡುತ್ತಾರೆ.  ಜರ್ಮನ್ ಪದವಿ ಪಡೆದು ಅದಕ್ಕೆ ತಕ್ಕ ಕೆಲಸದಲ್ಲಿ ಎರಡು ವರ್ಷ ಪೂರೈಸಿದವರು, ಭಾಷೆಯಲ್ಲಿ ಬಿ1 ಮಟ್ಟ ತಲುಪಿದ್ದರೆ, ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಆದರೆ ಮಾರುಕಟ್ಟೆ ಐದು ವರ್ಷದ ಹಿಂದಿನಂತಿಲ್ಲ. 2023, 2024 ಎರಡೂ ವರ್ಷ ಅಲ್ಲಿನ ಆರ್ಥಿಕತೆ ಕುಗ್ಗಿತು. 2030ರೊಳಗೆ 35,000 ಹುದ್ದೆ ಕಡಿಮೆ ಮಾಡುವ ಒಪ್ಪಂದವನ್ನು ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದ ಜೊತೆ ಮಾಡಿಕೊಂಡಿದೆ. ಬಾಷ್, ಮರ್ಸಿಡಿಸ್, ಎಸ್‌ಎಪಿ ಕಂಪನಿಗಳ ಬೆಂಗಳೂರು ಕಚೇರಿಗಳನ್ನು ನೋಡುತ್ತಾ ಬೆಳೆದು, ಅವುಗಳ ತವರಿಗೇ ಹೋಗೋಣವೆಂದು ವಾಹನ ಎಂಜಿನಿಯರಿಂಗ್ ಆರಿಸುವ ನಮ್ಮ ಮಕ್ಕಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಹುದ್ದೆಗಳು ಕಡಿಮೆಯಾದಾಗ ಕಂಪನಿ ಮೊದಲು ಕೈಬಿಡುವುದು ಮೀಟಿಂಗಿನಲ್ಲಿ ಕೂತು ಜರ್ಮನ್‌ನಲ್ಲಿ ಮಾತಾಡಲಾರದ ಅಭ್ಯರ್ಥಿಯನ್ನು.

ಹೋಗಬೇಡಿ ಎನ್ನಲು ಇದನ್ನು ಬರೆದದ್ದಲ್ಲ. ಮಧ್ಯಮ ವರ್ಗದ ಮನೆಯೊಂದು ಆಸ್ತಿ ಮಾರದೆ ಮಗಳನ್ನು ಜಗತ್ತಿನ ಒಳ್ಳೆಯ ಪ್ರಯೋಗಾಲಯಕ್ಕೆ ಕಳಿಸಬಹುದಾದ ದಾರಿಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಇದು ಪ್ರಾಮಾಣಿಕವಾದದ್ದು. ಕೆಲಸದ ಕ್ರಮ ಮಾತ್ರ ಬದಲಾಗಬೇಕು. ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್‌ನಲ್ಲಿ, ಬಹಳಷ್ಟು ಕೋರ್ಸುಗಳ ಅರ್ಜಿಯ ಗಡುವು ಜುಲೈ 15 ಅಥವಾ ಅದಕ್ಕೂ ಮೊದಲು. ವೀಸಾ ತಿರಸ್ಕೃತವಾದರೆ ರಾಯಭಾರ ಕಚೇರಿಗೇ ಮರುಪರಿಶೀಲನೆ ಕೋರುವ ಅವಕಾಶವೂ 2025ರ ಜುಲೈಯಿಂದ ಇಲ್ಲ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಏಳನೆಯ ಸೆಮಿಸ್ಟರ್ ಶುರುವಾಗುವಾಗಲೇ ಎಪಿಎಸ್‌ಗೆ ಬೇಕಾದ ಅಂಕಪಟ್ಟಿಗಳನ್ನು ಜೋಡಿಸಿಕೊಳ್ಳಬೇಕು, ಅದೇ ವಾರ ಜರ್ಮನ್ ತರಗತಿಗೂ ಸೇರಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು, ಆನ್‌ಲೈನ್ ತರಗತಿಗಳಿರುವುದರಿಂದ ಶಿರಸಿಯಲ್ಲಿದ್ದರೂ ರಾಯಚೂರಿನಲ್ಲಿದ್ದರೂ ಕಲಿಯಬಹುದು. ಆ ಕೋರ್ಸಿನ ಫೀಸನ್ನು ಬ್ಲಾಕ್ಡ್ ಅಕೌಂಟಿನ 12 ಲಕ್ಷದ ಪಕ್ಕದಲ್ಲೇ, ಅದೇ ಸಾಲದ ಅರ್ಜಿಯಲ್ಲೇ ಬರೆದುಕೊಳ್ಳಿ.